ನಮ್ಮೂರ ಕೋಲಾಟದ ಮಂಡಳಿ ನಡೆದು ಬಂದ ದಾರಿ

(ಶಾಲೆಯ ಶತಮಾನೋತ್ಸವದ ಎರಡನೆಯ ದಿನ ಸಂಜೆ, ಕೋಲಾಟದ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಮಾತನಾಡುವುದು ನಮಗೆ ಅಭ್ಯಾಸವಿಲ್ಲದ ಕೆಲಸ. ಕೋಲು ಕೊಟ್ಟರೆ ಬೆಳಗಿನವರೆಗೆ ಆಡಿಯೇವು; ಮೈಕಿನ ಮುಂದೆ ನಿಂತರೆ ಮಾತು ತೊಡರುತ್ತದೆ. ಆದರೂ ಉತ್ಸವ ಸಮಿತಿಯವರು ಮಂಡಳಿಯ ಚರಿತ್ರೆಯನ್ನು ಹೇಳಲೇಬೇಕೆಂದು ಕೇಳಿದರು. ನಮ್ಮಲ್ಲಿ ನಡಾವಳಿಯ ಪುಸ್ತಕವಿಲ್ಲ, ಸದಸ್ಯರ ಪಟ್ಟಿಯಿಲ್ಲ. ನಮ್ಮ ಆಸ್ತಿಯೆಂದರೆ ಒಂದು ಚೀಲ ಕೋಲು, ಒಂದು ಜೊತೆ ತಾಳ, ಹದಿನಾರು ಬಣ್ಣದ ಹಗ್ಗ ಮತ್ತು ಒಂದು ನೋಟುಪುಸ್ತಕ. ಆ ಪುಸ್ತಕದಲ್ಲಿರುವ ಪದಗಳು ಬಹುಪಾಲು ಕನ್ನಡದವು, ಅಕ್ಷರಗಳು ತೆಲುಗಿನವು. ಈ ಪುಸ್ತಕಕ್ಕಾಗಿ ನಾವು ಒಮ್ಮೆ ಮುರಿದುಬಿದ್ದೆವು, ಇದರಿಂದಲೇ ಮತ್ತೆ ಕೂಡಿದೆವು. ಆದುದರಿಂದ ನಮ್ಮ ಚರಿತ್ರೆಯನ್ನು ಹೇಳುವುದೆಂದರೆ ಈ ಪುಸ್ತಕದ ಕಥೆಯನ್ನು ಹೇಳುವುದೇ ಆಗಿದೆ.

ಕೋಲಾಟವು ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಬಹಳ ಹಳೆಯ ಆಟ. 13ನೆಯ ಶತಮಾನದಲ್ಲಿ ಕಾಕತೀಯ ಗಣಪತಿದೇವನ ಗಜಸೇನಾನಿಯಾಗಿದ್ದ ಜಾಯಪನು ಬರೆದ ‘ನೃತ್ತರತ್ನಾವಳಿ’ಯಲ್ಲಿ ದಂಡರಾಸಕವೆಂಬ ಹೆಸರಿನಿಂದ ಕೋಲಿನ ಕುಣಿತದ ವಿವರಣೆಯಿದೆ. ಹಂಪೆಯ ಶಿಲ್ಪಗಳಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಳೆಯರ ಸಾಲುಗಳನ್ನು ಇಂದಿಗೂ ಕಾಣಬಹುದು. ಆ ವಿಜಯನಗರದ ಅರಸರು ರಕ್ಕಸತಂಗಡಿಯ ಯುದ್ಧದ ತರುವಾಯ ಬಂದು ನೆಲೆಸಿದ ಪೆನುಗೊಂಡೆ ನಮ್ಮ ನೆರೆಯದೇ. ಕೊಡಗಿನವರಿಗೆ ಪುತ್ತರಿಯ ಕೋಲಾಟವಿದೆ, ಗುಜರಾತಿನವರಿಗೆ ದಾಂಡಿಯಾ ಇದೆ, ನಮ್ಮ ತೆಲುಗು ಬಂಧುಗಳಿಗೆ ಕೋಲಾಟದೊಡನೆ ಚೆಕ್ಕ ಭಜನೆಯೂ ಇದೆ. ಇಷ್ಟು ವಿಸ್ತಾರವಾದ ನಾಡಿನ ಆಟದಲ್ಲಿ ನಮ್ಮೂರಿನದು ಒಂದು ಮೂಲೆ ಮಾತ್ರ.

ಮಡಕಶಿರಾ ಸೀಮೆಯ ಈ ಮೂಲೆಯೂ ವಿಚಿತ್ರವಾದುದು. ಶಿರಾ, ಮಧುಗಿರಿ, ಪಾವಗಡಗಳು ನಮ್ಮನ್ನು ಸುತ್ತುವರಿದಿವೆ. ಪಾವಗಡವು ಕರ್ನಾಟಕದ್ದಾಗಿದ್ದು ಆಂಧ್ರದ ನಡುವೆ ಚಾಚಿಕೊಂಡಿದೆ. ನಾವು ಆಂಧ್ರದವರಾಗಿದ್ದು ಕರ್ನಾಟಕದ ನಡುವೆ ಚಾಚಿಕೊಂಡಿದ್ದೇವೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ನಮ್ಮ ಸೀಮೆಯಲ್ಲಿಯೇ ಇದೆ. ಅಲ್ಲಿಯ ನೊಳಂಬರ ಶಾಸನಗಳ ಭಾಷೆ ಕನ್ನಡ. ಆ ಕಾಲದ ಲಿಪಿಯನ್ನು ವಿದ್ವಾಂಸರು ತೆಲುಗು-ಕನ್ನಡ ಲಿಪಿಯೆಂದು ಕರೆಯುತ್ತಾರೆ. ಎರಡು ಲಿಪಿಗಳೂ ಆಗ ಒಂದೇ ಮನೆಯಲ್ಲಿದ್ದವು. ಈ ಮಾತನ್ನು ಸಭಿಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ.

ನಮ್ಮ ಮಂಡಳಿಯನ್ನು ಕಟ್ಟಿದವರು ಈ ಶಾಲೆಯ ಮೇಷ್ಟ್ರೊಬ್ಬರು. ನಮ್ಮ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲ ಅದು. ಸುಗ್ಗಿ ಮುಗಿದ ಮೇಲೆ ಬೆಳದಿಂಗಳಿನಲ್ಲಿ ಯುವಕರು ಕಣದಲ್ಲಿ ಕೋಲು ಹಾಕುವುದು ಮೊದಲಿನಿಂದಲೂ ಇತ್ತು. ಆದರೆ ಪದಗಳು ಒಬ್ಬಿಬ್ಬರು ಮುದುಕರ ಬಾಯಲ್ಲಿ ಮಾತ್ರ ಇದ್ದವು. ಅವರು ಕೆಮ್ಮಿದರೆ ಆಟ ನಿಲ್ಲುತ್ತಿತ್ತು. ಮೇಷ್ಟ್ರು ಆ ಕಣಕ್ಕೆ ಬಂದು ಕುಳಿತು ಕೆಲವು ರಾತ್ರಿ ನೋಡಿದರು. ಅನಂತರ ಶಾಲೆಯ ಬಯಲನ್ನು ಬಿಟ್ಟುಕೊಟ್ಟು, ಶನಿವಾರದ ಸಂಜೆಯನ್ನು ಗೊತ್ತುಮಾಡಿ, ಒಂದು ಕಟ್ಟಳೆಯನ್ನು ಹಾಕಿದರು: ಮಂಡಳಿಗೆ ಸೇರುವವನು ತನ್ನ ಪದಗಳನ್ನು ತನ್ನ ಕೈಯಿಂದಲೇ ಬರೆದುಕೊಳ್ಳಬೇಕು. ಬರೆದ ಪುಸ್ತಕವಿಲ್ಲದವನಿಗೆ ಕೋಲಿಲ್ಲ.

ಅಂದು ಸೇರಿದವರಲ್ಲಿ ಹೆಚ್ಚಿನವರಿಗೆ ಅಕ್ಷರ ಬಾರದು. ಕುರಿ ಕಾಯುವವರು, ಗಾಣದವರು, ಕೂಲಿಯವರು. ಕೋಲಾಟದ ಆಸೆಗಾಗಿ ಅವರು ಇದೇ ಶಾಲೆಯ ಜಗಲಿಯ ಮೇಲೆ ಲಾಟೀನಿನ ಬೆಳಕಿನಲ್ಲಿ ಕುಳಿತು ಅಕ್ಷರ ತಿದ್ದಿದರು. ‘ರಾತ್ರಿ ಶಾಲೆಗೆ ಬನ್ನಿ’ ಎಂದು ಕರೆದಿದ್ದರೆ ಅವರಲ್ಲಿ ಒಬ್ಬರೂ ಬರುತ್ತಿರಲಿಲ್ಲ. ನಮ್ಮ ಅಜ್ಜಂದಿರಲ್ಲಿ ಅನೇಕರು ಬರೆಯಬಲ್ಲವರಾದದ್ದು ಹೀಗೆ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಪದಗಳ ಪುಸ್ತಕವನ್ನು ಬರೆದು ಮುಗಿಸಿತೆಂದರೆ, ಆ ಪುಸ್ತಕದ ಮೇಲೆ ಎಂಥ ಮಮತೆ ಇದ್ದೀತೆಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಆಟದ ಕ್ರಮವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಒಂದೂವರೆ ಗೇಣು ಉದ್ದದ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಕೋಲುಗಳು. ನಾವು ಕಗ್ಗಲಿಯಲ್ಲಿ ಮಾಡಿಸಿ ಹರಳೆಣ್ಣೆ ಸವರಿ ಇಡುತ್ತೇವೆ. ಎದುರುಬದುರಾಗಿ ನಿಲ್ಲುವ ಇಬ್ಬರಿಗೆ ಒಂದು ಉದ್ದಿ ಎಂದು ಹೆಸರು. ಎಂಟು ಉದ್ದಿಗೆ ಹದಿನಾರು ಮಂದಿ. ಎಂಟು ಜನ ಒಳಸುತ್ತು, ಎಂಟು ಜನ ಹೊರಸುತ್ತು. ತಾಳ ಹಿಡಿದವನು ನಡುವೆ ನಿಂತು ಪದವನ್ನು ಎತ್ತಿಕೊಡುತ್ತಾನೆ. ಮಿಕ್ಕವರು ಅದನ್ನು ಹಿಡಿದು ಹಾಡುತ್ತಾರೆ. ತನ್ನ ಕೋಲಿಗೆ ತಾನೊಮ್ಮೆ, ಎದುರಿನವನ ಕೋಲಿಗೊಮ್ಮೆ, ತಿರುಗಿ ಮಗ್ಗುಲಿನವನ ಕೋಲಿಗೊಮ್ಮೆ. ಒಳಸುತ್ತು ಎಡಕ್ಕೆ ನಡೆದರೆ ಹೊರಸುತ್ತು ಬಲಕ್ಕೆ. ಹೀಗೆ ಒಂದು ಪದ ಮುಗಿಯುವುದರೊಳಗೆ ಪ್ರತಿಯೊಬ್ಬನೂ ಎದುರು ಸುತ್ತಿನ ಎಲ್ಲರಿಗೂ ಕೋಲು ಕೊಟ್ಟು ತನ್ನ ಉದ್ದಿಯ ಬಳಿಗೆ ಮರಳುತ್ತಾನೆ. ಯಾವ ಮನೆಯವನು, ಯಾವ ಕೇರಿಯವನು ಎಂದು ಎಣಿಸುತ್ತ ನಿಂತರೆ ಪೆಟ್ಟು ತಪ್ಪುತ್ತದೆ.

ಎಲ್ಲಕ್ಕಿಂತ ಕಷ್ಟವಾದುದು ಜಡೆ ಕೋಲಾಟ. ಮೇಲಿನಿಂದ ಇಳಿಬಿಟ್ಟ ಹಗ್ಗದ ತುದಿಯನ್ನು ಪ್ರತಿಯೊಬ್ಬನೂ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕೋಲು ಹಾಕುತ್ತ, ಒಬ್ಬನ ಒಳಗೆ, ಮತ್ತೊಬ್ಬನ ಹೊರಗೆ ನುಸುಳಿ ಸುತ್ತುತ್ತಾನೆ. ಮೇಲೆ ಹಗ್ಗಗಳು ತಾವಾಗಿಯೇ ಜಡೆಯಾಗಿ ಹೆಣೆದುಕೊಳ್ಳುತ್ತವೆ. ಅನಂತರ ಅದೇ ಹೆಜ್ಜೆಗಳನ್ನು ಹಿಮ್ಮುಖವಾಗಿ ಹಾಕಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಒಬ್ಬನೇ ಒಬ್ಬ ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದನೋ, ಗಂಟು ಬಿದ್ದಿತು. ಆ ಗಂಟನ್ನು ಎಳೆದು ಬಿಡಿಸಲಾಗದು. ತಪ್ಪಿದ ಜಾಗದವರೆಗೆ ಹದಿನಾರು ಜನವೂ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಯಬೇಕು. ತಪ್ಪು ಒಬ್ಬನದಾದರೂ ಹಿಂದಕ್ಕೆ ನಡೆಯುವ ಕೆಲಸ ಎಲ್ಲರದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ಅನಂತಪುರ ಜಿಲ್ಲೆಯಲ್ಲಿದ್ದ ನಾವೂ ಉಳಿದೆವು. 1956ರಲ್ಲಿ ಆಂಧ್ರಪ್ರದೇಶವಾಯಿತು, 2022ರಲ್ಲಿ ಜಿಲ್ಲೆಯ ಹೆಸರು ಶ್ರೀ ಸತ್ಯಸಾಯಿ ಜಿಲ್ಲೆಯೆಂದಾಯಿತು. ನಾವು ಮಾತ್ರ ಇದ್ದಲ್ಲಿಯೇ ಇದ್ದೇವೆ. ಹೆಣ್ಣು ಕೊಡುವುದು ಶಿರಾ ಸೀಮೆಗೆ, ರೇಷ್ಮೆಗೂಡು ಮಾರುವುದು ಹಿಂದೂಪುರಕ್ಕೆ. ಮಂಡಳಿಯೂ ಹಾಗೆಯೇ ಎರಡೂ ಕಡೆಯ ಜಾತ್ರೆಗಳಿಗೆ ಹೋಗುತ್ತಿತ್ತು. ತೆಲುಗು ಊರುಗಳಲ್ಲಿ ಎರಡು ತೆಲುಗು ಪದಗಳನ್ನು ಹಾಡದಿದ್ದರೆ ಜನ ಬಿಡುತ್ತಿರಲಿಲ್ಲ. ನಾವು ಅವನ್ನೂ ಕಲಿತೆವು. ಆದರೆ ತೆಲುಗು ಪದಗಳನ್ನು ಸಹ ಕನ್ನಡ ಅಕ್ಷರಗಳಲ್ಲಿಯೇ ಬರೆದುಕೊಂಡೆವು. ಅದರಿಂದ ಯಾರಿಗೂ ಯಾವ ಭಂಗವೂ ಆದಂತೆ ಕಾಣಲಿಲ್ಲ. ಈ ಸಂಗತಿ ಮುಂದಿನ ಜಗಳದ ಹೊತ್ತಿಗೆ ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲವೆಂಬುದೇ ನಮ್ಮ ದುಃಖ.

ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಅವರ ಶಿಷ್ಯರೊಬ್ಬರು ತಾಳ ಹಿಡಿದರು. ಊರೆಲ್ಲ ಅವರನ್ನು ತಾಳದ ತಾತ ಎಂದೇ ಕರೆಯುತ್ತಿತ್ತು. ಅವರ ಕಾಲದಲ್ಲಿ ಹುಡುಗನೊಬ್ಬ ಮಂಡಳಿಗೆ ಸೇರಲು ಬಂದನು. ಅವನ ತಂದೆ ದುಡಿಮೆಗಾಗಿ ಹಿಂದೂಪುರಕ್ಕೆ ಹೋಗಿದ್ದರಿಂದ ಅವನು ಓದಿದ್ದು ತೆಲುಗು ಮಾಧ್ಯಮದಲ್ಲಿ. ಮನೆಯ ಮಾತು ಕನ್ನಡ. ಹೆಜ್ಜೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎರಡು ವರ್ಷ ಬಂದು ನೋಡಿ, ಕೇಳಿ, ಪದಗಳನ್ನೆಲ್ಲ ಬರೆದುಕೊಂಡನು. ಸೋದರಮಾವನ ಮಗನೊಂದಿಗೆ ಉದ್ದಿ ಕಟ್ಟಿ ಆಡಿದನು. ಒಂದು ಶನಿವಾರ ತಾತ ಎಲ್ಲರ ಪುಸ್ತಕಗಳನ್ನೂ ತರಿಸಿ ನೋಡಿದಾಗ ಅವನದು ತೆಲುಗು ಅಕ್ಷರದಲ್ಲಿತ್ತು.

“ಇದೇನಪ್ಪಾ ಇದು?” ಎಂದರು ತಾತ.

“ತಾತಾ, ಅಕ್ಷರ ತೆಲುಗಿಂದಾದ್ರೂ ಪದ ನಮ್ದೇ ಅಲ್ವಾ?” ಎಂದನು ಹುಡುಗ.

“ಆ ಅಕ್ಷರದಾಗೆ ಬರ್ದಿದ್ದು ನಮ್ದು ಹೆಂಗಾಯ್ತದೆ? ಮೇಷ್ಟ್ರು ಹಾಕಿದ ಕಟ್ಟಳೆ ಇದು. ಕನ್ನಡದಾಗೆ ಬರ್ಕೊಂಡು ಬಾ, ಆಮೇಲೆ ಕೋಲು ಮುಟ್ಟು” ಎಂದು ತಾತ ಪುಸ್ತಕವನ್ನು ನೆಲದ ಮೇಲೆ ಇಟ್ಟುಬಿಟ್ಟರು.

ತಾತನನ್ನು ನಾವು ದೂರುವುದಿಲ್ಲ. ಲಾಟೀನಿನ ಬೆಳಕಿನಲ್ಲಿ ಅಕ್ಷರ ಕಲಿತು ಮನುಷ್ಯನಾದೆನೆಂದು ನಂಬಿದ್ದ ಜೀವ ಅದು. ಶಾಲೆಯ ತರಗತಿಗಳು ವರ್ಷ ವರ್ಷಕ್ಕೂ ತೆಳುವಾಗುತ್ತಿದ್ದುದನ್ನು ಕಂಡವರು. ಎಲ್ಲಿಯಾದರೂ ಒಂದು ಕಡೆ ಗೆರೆ ಎಳೆಯಬೇಕೆಂದು ಅವರಿಗೆ ಅನ್ನಿಸಿತು, ಎಳೆದರು. ತಪ್ಪು ಅಲ್ಲಿ ನಿಂತಿದ್ದ ನಮ್ಮದು. ಆ ಹುಡುಗನಿಗೆ ಕನ್ನಡ ಅಕ್ಷರಗಳನ್ನು ಹೇಳಿಕೊಡುವೆನೆಂದು ನಮ್ಮಲ್ಲಿ ಒಬ್ಬನಾದರೂ ಮುಂದೆ ಬರಬೇಕಾಗಿತ್ತು. ಕುರಿ ಕಾಯುವವರಿಗೆ ಅಕ್ಷರ ಕಲಿಸಿದ ಮಂಡಳಿಗೆ, ಅದಾಗಲೇ ಅಕ್ಷರ ಬಲ್ಲವನಿಗೆ ಇನ್ನೊಂದು ವರ್ಣಮಾಲೆಯನ್ನು ಕಲಿಸುವುದು ಒಂದು ತಿಂಗಳ ಕೆಲಸ. ನಾವು ಸುಮ್ಮನೆ ನಿಂತೆವು. ಕೆಲವರು ನಕ್ಕದ್ದೂ ಉಂಟು. ಅವನು ಪುಸ್ತಕವನ್ನೆತ್ತಿ ಧೂಳು ಒರಸಿಕೊಂಡು ಹೊರಟುಹೋದನು. ಮರುವಾರ ಅವನ ಉದ್ದಿಯವನೂ ಬರಲಿಲ್ಲ.

ಹದಿನಾಲ್ಕು ಮಂದಿ ಉಳಿದೆವು. ಸುತ್ತು ಕೋಲಾಟ ಹೇಗೋ ನಡೆಯಿತು. ಆದರೆ ನಾವು ಕಲಿತಿದ್ದ ಜಡೆಯ ಹೆಣಿಗೆ ಹದಿನಾರು ಹಗ್ಗದ್ದು, ಅದು ನಿಂತಿತು. ಮಳೆ ಕೈಕೊಟ್ಟ ವರ್ಷಗಳು ಬಂದವು. ಕಡಲೆಕಾಯಿ ಕೈಗೆ ಹತ್ತದೆ ಯುವಕರು ಬೆಂಗಳೂರಿಗೆ ಹೊರಟರು. ಮಂಡಳಿ ಮುರಿದದ್ದಕ್ಕೆ ನಾವು ಬಹುಕಾಲ ಮಳೆಯನ್ನೇ ಕಾರಣವಾಗಿ ಹೇಳುತ್ತಿದ್ದೆವು. ಮಳೆಯೂ ಕಾರಣವೇ. ಆದರೆ ಕೂಡಬೇಕೆಂಬ ಮನಸ್ಸಿದ್ದಾಗ ಅದಕ್ಕಿಂತ ಕೆಟ್ಟ ಬರಗಳಲ್ಲಿಯೂ ಈ ಬಯಲಿನಲ್ಲಿ ಕೋಲಿನ ಸದ್ದು ನಿಂತಿರಲಿಲ್ಲ. ಒಂದು ಯುಗಾದಿಗೆ ಕೋಲಾಟವಿಲ್ಲದೆ ಹೋಯಿತು. ಹೀಗೆ ಒಂಬತ್ತು ಯುಗಾದಿಗಳು ಕಳೆದವು.

ಆ ನಡುವೆ ತಾತ ತೀರಿಕೊಂಡರು. ಇದೇ ಶಾಲೆಗೆ ಹೊಸದಾಗಿ ಬಂದಿದ್ದ ಟೀಚರಮ್ಮನವರು ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಊರಿನ ಕೋಲಾಟವನ್ನೇ ಆಡಿಸಬೇಕೆಂದು ನಮ್ಮನ್ನು ಹುಡುಕಿಕೊಂಡು ಬಂದರು. ನಾವು ಹಿಗ್ಗಿ ತಾತನ ಮನೆಯ ಪೆಟ್ಟಿಗೆಯನ್ನು ತೆಗೆಸಿದೆವು. ಒಳಗೆ ಗೆದ್ದಲಿನ ಮಣ್ಣು. ಮೇಷ್ಟ್ರ ಕೈಬರಹದ ಮೂಲ ಪುಸ್ತಕವೂ, ತಾತನದೂ, ಅವರು ಜೋಪಾನ ಮಾಡಿದ್ದ ಇತರರ ಪುಸ್ತಕಗಳೂ ಪುಡಿಯಾಗಿದ್ದವು. ನಮ್ಮ ಮನೆಗಳಲ್ಲಿ ಹುಡುಕಿದೆವು. ಮನೆ ಕೆಡವಿ ಕಟ್ಟಿದಾಗ, ಮಕ್ಕಳು ಹರಿದಾಗ, ಎಲ್ಲವೂ ಹೋಗಿದ್ದವು. ಬಾಯಲ್ಲಿ ಇದೆಯೆಂದು ನಂಬಿದ್ದೆವು. ಕುಳಿತು ಹಾಡಿ ನೋಡಿದರೆ ಪ್ರತಿಯೊಂದು ಪದವೂ ಎರಡನೆಯ ನುಡಿಗೆ ಬಂದು ನಿಲ್ಲುತ್ತಿತ್ತು.

ಆಗ ನಮ್ಮಲ್ಲೊಬ್ಬರು, ಯಾರ ಮುಖವನ್ನೂ ನೋಡದೆ, “ಅವನ ಹತ್ತಿರ ಇರಬಹುದು” ಎಂದರು.

ಐದು ಜನ ಹೊರಟೆವು. ಅವನು ಅಷ್ಟರಲ್ಲಿ ಹಿಂದೂಪುರದಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದನು. ನಾವು ಬಂದ ಕಾರಣವನ್ನು ಹೇಳಲು ತಡವರಿಸುತ್ತಿದ್ದಂತೆ, ಅವನ ಹೆಂಡತಿ ಟೀ ತಂದಿಟ್ಟರು. ಅವನು ಒಳಗೆ ಹೋಗಿ ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕವನ್ನು ತಂದನು. “ಯುಗಾದಿ ಬಂದಾಗ ಒಂದ್ಸಲ ತೆಗ್ದು ಓದ್ಕೊಂತೀನಿ” ಎಂದಷ್ಟೇ ಹೇಳಿದನು. ನಾವು ಕ್ಷಮೆ ಕೇಳಿದೆವು. ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಶನಿವಾರ ಮಾತ್ರ ಬಂದನು.

ಅದರಲ್ಲಿ ನಲವತ್ತೊಂದು ಪದಗಳಿದ್ದವು. ಟೀಚರಮ್ಮನವರು ಅದನ್ನು ಏಳನೆಯ ತರಗತಿಯ ಮಕ್ಕಳ ಮುಂದಿಟ್ಟರು. ನಮ್ಮ ಮಕ್ಕಳಿಗೆ ಎರಡೂ ಅಕ್ಷರ ಬರುತ್ತವೆ. ಕಕಾರ ಬೇರೆ, ತಲೆಕಟ್ಟು ಬೇರೆ. ಉಳಿದವುಗಳಲ್ಲಿ ಬಹುಪಾಲು ಅಣ್ಣತಮ್ಮಂದಿರ ಮುಖಗಳಂತಿವೆ ಎಂಬುದನ್ನು ಅವರು ಆಟವಾಡುತ್ತ ಕಂಡುಕೊಂಡರು. ಒಬ್ಬಳು ತೆಲುಗಿನಲ್ಲಿ ಓದಿ ಹೇಳುವುದು, ಇನ್ನೊಬ್ಬಳು ಕನ್ನಡದಲ್ಲಿ ಬರೆಯುವುದು. ಹೀಗೆ ಒಂದು ಮಳೆಗಾಲದಲ್ಲಿ ನಲವತ್ತೊಂದು ಪದಗಳೂ ಮರಳಿ ಕನ್ನಡದ ಅಕ್ಷರಗಳಿಗೆ ಬಂದವು.

ಬಂದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ಮೇಷ್ಟ್ರು ವಿದ್ವಾಂಸರು, ಪದಗಳನ್ನು ಬರೆಸುವಾಗ ಗ್ರಂಥಸ್ಥ ಕನ್ನಡಕ್ಕೆ ತಿದ್ದಿ ಬರೆಸಿದ್ದರು. ನಾವು ಬರೆದದ್ದು ಒಂದು, ಹಾಡುತ್ತಿದ್ದುದು ಇನ್ನೊಂದು. ಈ ಹುಡುಗನು ಯಾವ ಪುಸ್ತಕವನ್ನೂ ನೋಡಿ ಬರೆದವನಲ್ಲ. ತಾತನ ಬಾಯಿಂದ ಬಂದುದನ್ನು ಬಂದಂತೆ ಬರೆದುಕೊಂಡವನು. ‘ಇದೆ’ ಎಂದು ತಿದ್ದದೆ ‘ಐತೆ’ ಎಂದೇ ಬರೆದಿದ್ದನು. ಬಿತ್ತನೆಯ ಮಾತು, ಕುರಿಯ ರೋಗದ ಹೆಸರು, ಹೊಲದ ಮೂಲೆಗಳ ಹೆಸರು ಎಲ್ಲವೂ ನಮ್ಮ ಅಜ್ಜಿಯರ ಉಚ್ಚಾರದಲ್ಲಿಯೇ ಇದ್ದವು. ನಮ್ಮೂರ ಕನ್ನಡವನ್ನು ಅದು ಇದ್ದ ಹಾಗೆಯೇ ಉಳಿಸಿದ್ದು ನಾವು ನೆಲಕ್ಕೆ ಹಾಕಿದ ಪುಸ್ತಕ.

ಇನ್ನೊಂದು ತಪ್ಪನ್ನೂ ಈ ವೇದಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಅಷ್ಟು ವರ್ಷಗಳಲ್ಲಿ ನಾವು ಒಬ್ಬ ಹೆಣ್ಣುಮಗಳ ಕೈಗೂ ಕೋಲು ಕೊಟ್ಟವರಲ್ಲ. ಹಂಪೆಯ ಕಲ್ಲಿನಲ್ಲಿ ಕೋಲು ಹಿಡಿದವರು ಹೆಂಗಸರೆಂಬುದನ್ನು ಭಾಷಣಗಳಲ್ಲಿ ಹೇಳುತ್ತಿದ್ದೆವು. ನಮ್ಮ ಮನೆಯ ಹೆಣ್ಣುಮಕ್ಕಳು ಬಯಲಿನ ಅಂಚಿನಲ್ಲಿ ಕುಳಿತು ನೋಡುತ್ತಿದ್ದರು. ಏಳನೆಯ ತರಗತಿಯಿಂದ ಆಯ್ದ ಹದಿನಾರು ಮಕ್ಕಳಲ್ಲಿ ಹನ್ನೊಂದು ಮಂದಿ ಹುಡುಗಿಯರು. ಹಿರಿಯರು ಕೆಲವರು ಗೊಣಗಿದರು. ಟೀಚರಮ್ಮನವರು, “ತರಗತಿಯಲ್ಲಿ ಇರುವ ಮಕ್ಕಳೇ ಇವರು, ನಾನು ಬೇರೆ ಮಕ್ಕಳನ್ನು ಎಲ್ಲಿಂದ ತರಲಿ?” ಎಂದರು. ಅದಕ್ಕೆ ನಮ್ಮಲ್ಲಿ ಮಾತಿರಲಿಲ್ಲ. ಈ ಸಂಜೆ ಮೊದಲ ಉದ್ದಿಯಾಗಿ ನಿಲ್ಲುವವರು ಇಬ್ಬರು ಹುಡುಗಿಯರು. ತಾಳ ಹಿಡಿಯುವವನು ಅಂದು ಹೊರಟುಹೋಗಿದ್ದವನು. ಈಗ ಅವನ ತಲೆಯೂ ನೆರೆತಿದೆ.

ಚರಿತ್ರೆ ಇಲ್ಲಿಗೆ ಮುಗಿಯಿತು. ಇನ್ನು ಎರಡು ಬಿನ್ನಹಗಳಿವೆ.

ಶಾಲೆಯ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿರುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ಬೆಳಗ್ಗೆ ಇಂಗ್ಲಿಷ್ ಶಾಲೆಯ ಬಸ್ಸು ಊರಬಾಗಿಲಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಮಕ್ಕಳನ್ನು ಹತ್ತಿಸುವವರನ್ನು ನಾವು ಹಳಿಯಲಾರೆವು; ನಮ್ಮ ಮೊಮ್ಮಕ್ಕಳೂ ಅದರಲ್ಲಿ ಹೋಗುತ್ತಾರೆ. ಹೊಟ್ಟೆಪಾಡಿನ ದಾರಿಯನ್ನು ಅವರವರು ಹುಡುಕಬೇಕು. ಆದರೆ ಶನಿವಾರದ ಸಂಜೆ ಬಸ್ಸು ಇಳಿದ ಮಕ್ಕಳನ್ನು ಈ ಬಯಲಿಗೆ ಕಳುಹಿಸಿ. ಯಾವ ಶಾಲೆಯವರಾದರೂ ಬರಲಿ. ಮೇಷ್ಟ್ರ ಕಟ್ಟಳೆಯನ್ನು ನಾವು ಕೈಬಿಟ್ಟಿಲ್ಲ, ತುಸು ತಿದ್ದಿದ್ದೇವೆ: ಸೇರುವ ಮಗು ತನಗೆ ಬರುವ ಅಕ್ಷರದಲ್ಲಿ ಪದಗಳನ್ನು ತನ್ನ ಕೈಯಿಂದ ಬರೆಯಲಿ, ತೆಲುಗಾಗಲಿ, ಇಂಗ್ಲಿಷಾಗಲಿ, ಅಡ್ಡಿಯಿಲ್ಲ. ವರ್ಷ ತುಂಬುವುದರೊಳಗೆ ಅದನ್ನು ಕನ್ನಡದಲ್ಲಿ ಬರೆಯಲು ಕಲಿಸುವ ಹೊಣೆ ನಮ್ಮದು. ಅಂದು ನಮ್ಮಿಂದ ಆಗದ ಕೆಲಸವನ್ನು ಈಗಲಾದರೂ ಮಾಡುವೆವು.

ಎರಡನೆಯದು, ಈ ಪುಸ್ತಕದ ವಿಷಯ. ಮಕ್ಕಳು ಬರೆದ ಕನ್ನಡದ ಪ್ರತಿಯನ್ನೂ, ಅದರೊಡನೆ ತೆಲುಗು ಅಕ್ಷರದ ಮೂಲ ಪುಸ್ತಕವನ್ನೂ ಈ ದಿನ ಮುಖ್ಯೋಪಾಧ್ಯಾಯರ ಕೈಗೆ ಒಪ್ಪಿಸುತ್ತಿದ್ದೇವೆ. ಶಾಲೆಯ ಗ್ರಂಥಭಂಡಾರದಲ್ಲಿ ಎರಡನ್ನೂ ಒಂದೇ ಕಡೆ ಇಡಬೇಕೆಂದು ಕೇಳಿಕೊಳ್ಳುತ್ತೇವೆ. ಬೇರೆ ಬೇರೆ ಕಪಾಟಿನಲ್ಲಿ ಇಡಬೇಡಿ. ಗೆದ್ದಲು ಹತ್ತದ ಹಾಗೆ ಕಬ್ಬಿಣದ ಕಪಾಟೊಂದನ್ನು ಮಂಡಳಿಯ ಖರ್ಚಿನಲ್ಲಿ ಮಾಡಿಸಿಕೊಟ್ಟಿದ್ದೇವೆ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಮಕ್ಕಳು ಜಡೆ ಕೋಲಾಟವನ್ನು ಆಡುತ್ತಾರೆ. ಹದಿನಾರು ಹಗ್ಗಗಳನ್ನು ಬೇವಿನ ಮರದ ಕೊಂಬೆಗೆ ಕಟ್ಟಿಯಾಗಿದೆ. ಮೂರು ತಿಂಗಳಿನಿಂದ ಕಲಿತಿದ್ದಾರೆ. ಆದರೂ ಇಷ್ಟು ಜನರನ್ನು ಕಂಡು ಒಂದು ಹೆಜ್ಜೆ ತಪ್ಪಬಹುದು, ಗಂಟು ಬೀಳಬಹುದು. ಹಾಗಾದರೆ ಸಭಿಕರು ನಗಬಾರದು, ಏಳಲೂಬಾರದು. ಅವರೆಲ್ಲರೂ ಸೇರಿ ಹಿಂದಕ್ಕೆ ನಡೆದು ಅದನ್ನು ಬಿಡಿಸಿಕೊಳ್ಳುವವರೆಗೆ ದಯವಿಟ್ಟು ಕಾದಿರಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂಬುದು ನಮಗೆ ಚೆನ್ನಾಗಿ ಗೊತ್ತು.